ಶಿವಗಂಗೆಯ ಧಾರೆಯೂ ಯೆಹೂದ್ಯರ ವಧುವೂ

ನಮ್ಮ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಪ್ರತಿವರ್ಷವೂ ಮಕರಸಂಕ್ರಾಂತಿಯಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ವಿವಾಹ ಜರುಗುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಬೆಟ್ಟದ ನೆತ್ತಿಯಿಂದ ತಂದ ಗಂಗೋದಕದಿಂದಲೇ ಧಾರೆಯೆರೆಯುವುದು ಸಂಪ್ರದಾಯ. ಶಿವನನ್ನು ಬಿಟ್ಟು ಶಕ್ತಿಯಿಲ್ಲ, ಶಕ್ತಿಯನ್ನು ಬಿಟ್ಟು ಶಿವನಿಲ್ಲವೆಂಬುದು ಅರ್ಧನಾರೀಶ್ವರಮೂರ್ತಿಯ ಅರ್ಥವಷ್ಟೆ. ಎಂದೂ ಅಗಲದವರಿಗೆ ವರ್ಷವರ್ಷವೂ ಮದುವೆಯೇತಕ್ಕೆ? ಈ ಪ್ರಶ್ನೆಗೆ ದೂರದ ಒಂದು ಜನಾಂಗದ ಚರಿತ್ರೆಯಿಂದ ಬೆಳಕು ದೊರೆಯುತ್ತದೆ.

ಹೊಯ್ಸಳರಾಣಿ ಶಾಂತಲೆಯು ಇದೇ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟದ್ದು 1131ರಲ್ಲಿ. ಅದರ ಮರುವರ್ಷದ ಸುಮಾರಿಗೆ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ನೆಲಸಿ, 1149ರವರೆಗೆ ನಮ್ಮ ಕರಾವಳಿಯಲ್ಲಿ ವ್ಯಾಪಾರ ನಡೆಸಿದನು. ಅವನ ಧರ್ಮದಲ್ಲಿ ದೇವನೊಬ್ಬನೇ. ಅವನಿಗೆ ಮೂರ್ತಿಯಿಲ್ಲ, ಪತ್ನಿಯಿಲ್ಲ. ಆದರೆ ಜನರ ನಡುವೆ ನೆಲಸುವ ದೇವಸಾನ್ನಿಧ್ಯವನ್ನು ಅವರ ಪಂಡಿತರು ಹಿಂದಿನಿಂದಲೂ ‘ಶೆಖಿನಾ’ ಎಂದು ಕರೆಯುತ್ತಿದ್ದರು. ನೆಲಸುವಿಕೆ ಎಂಬುದೇ ಆ ಪದದ ಅರ್ಥ. ವ್ಯಾಕರಣದಲ್ಲಿ ಅದು ಸ್ತ್ರೀಲಿಂಗ. ಕ್ರಿ. ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಸುಟ್ಟಮೇಲೆ, ದೇಶಭ್ರಷ್ಟರಾದ ಜನರೊಡನೆ ಶೆಖಿನಾ ಕೂಡ ಹೊರಟಿತೆಂದು ಪಂಡಿತರು ಸಮಾಧಾನ ಹೇಳಿದರು.

ಹನ್ನೆರಡನೆಯ ಶತಮಾನದ ಕಡೆಯ ಭಾಗದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ‘ಬಾಹಿರ್’ ಎಂಬ ಗ್ರಂಥದಲ್ಲಿ ಈ ಸಾನ್ನಿಧ್ಯವು ರಾಜಕುಮಾರಿಯ ರೂಪವನ್ನು ತಾಳಿತು. ಹದಿಮೂರನೆಯ ಶತಮಾನದ ಅಂತ್ಯದಲ್ಲಿ ಸ್ಪೇನಿನಲ್ಲಿ ಪ್ರಚಾರಕ್ಕೆ ಬಂದ ‘ಜೋಹರ್’ ಆ ರೂಪವನ್ನು ಪೂರ್ಣಗೊಳಿಸಿತು. ಮೋಶೆ ದೆ ಲಿಯೋನನೂ ಅವನ ವಲಯದವರೂ ಇದನ್ನು ರಚಿಸಿದರೆಂದು ವಿದ್ವಾಂಸರ ಮತ. ಅದರಂತೆ ಅಗೋಚರನಾದ ದೇವನು ಹತ್ತು ತತ್ತ್ವಗಳಾಗಿ ಪ್ರಕಾಶಿಸುತ್ತಾನೆ. ಆರನೆಯದಾದ ‘ತಿಫೆರೆತ್’ ವರನು; ಹತ್ತನೆಯದಾದ ಶೆಖಿನಾ ವಧು. ಮನುಷ್ಯನ ಪಾಪದಿಂದ ಇವರು ಅಗಲುತ್ತಾರೆ. ಅವನ ಪ್ರಾರ್ಥನೆ, ಸತ್ಕರ್ಮಗಳಿಂದ ಕೂಡುತ್ತಾರೆ.

1492ರಲ್ಲಿ ಸ್ಪೇನಿನ ಅರಸರು ಯೆಹೂದ್ಯರನ್ನು ಹೊರಗಟ್ಟಿದರು. ಮನೆಮಠಗಳನ್ನು ಕಳೆದುಕೊಂಡ ಆ ಸಂತತಿಯ ಕೆಲವರು ಗಲಿಲಾಯದ ಸಫೇದ್ ಪಟ್ಟಣವನ್ನು ಸೇರಿದರು. ತಮ್ಮ ಗಡೀಪಾರಿನ ದುಃಖವನ್ನೇ ದೇವರ ಮನೆಯಲ್ಲಿಯೂ ಕಂಡ ಅವರಿಗೆ, ಅಗಲಿದ ವಧುವನ್ನು ಮರಳಿ ಕರೆತರುವುದೇ ಜೀವನದ ಕರ್ತವ್ಯವಾಯಿತು. ಶುಕ್ರವಾರ ಸಂಜೆ ಬಿಳಿಯುಡುಗೆಯುಟ್ಟು ಹೊಲಗಳಿಗೆ ಹೋಗಿ ಸಬ್ಬತ್ತನ್ನು ಮದುವಣಗಿತ್ತಿಯೆಂದು ಎದುರುಗೊಳ್ಳುತ್ತಿದ್ದರು. ಅಲ್ಲಿಯೇ ಶ್ಲೋಮೋ ಅಲ್ಕಬೆತ್ಸನು ರಚಿಸಿದ ಸ್ವಾಗತಗೀತವನ್ನು ಯೆಹೂದ್ಯರು ಇಂದಿಗೂ ಹಾಡುತ್ತಾರೆ.

ನಮ್ಮ ಶರಣರು ಹೇಳಿದ್ದು ಇದಕ್ಕೆ ಹತ್ತಿರವಾದರೂ ಇದೇ ಅಲ್ಲ. ಅವರಲ್ಲಿ ಶರಣನೇ ಸತಿ, ಲಿಂಗವೇ ಪತಿ. ಅಕ್ಕಮಹಾದೇವಿಯು ತಾನೇ ವಧುವಾಗಿ ಚೆನ್ನಮಲ್ಲಿಕಾರ್ಜುನನನ್ನು ವರಿಸಿದಳು. ಯೆಹೂದ್ಯ ಸಾಧಕನಾದರೋ ವಿಶೇಷವಾಗಿ ಅಗಲಿದ ವಧೂವರರನ್ನು ಕೂಡಿಸುವವನು, ಎಂದರೆ ಧಾರೆಯೆರೆಯುವವನು. ದೇವರೊಳಗೇ ಸ್ತ್ರೀತತ್ತ್ವವನ್ನು ಕಂಡ ಈ ಶಾಸ್ತ್ರವು ಶತಮಾನಗಳ ಕಾಲ ಬಹುಮಟ್ಟಿಗೆ ಗಂಡಸರ ಅಧ್ಯಯನಕ್ಕೇ ಮೀಸಲಾಗಿತ್ತೆಂಬ ಕೊರತೆಯನ್ನೂ ಮರೆಮಾಚಬೇಕಾಗಿಲ್ಲ. ಅಕ್ಕನ ನಾಡಿನವರಾದ ನಮಗೆ ಅದು ಎದ್ದು ಕಾಣುತ್ತದೆ.

ಇನ್ನು ಮೊದಲಿನ ಪ್ರಶ್ನೆ. ಯೆಹೂದ್ಯರ ಅನುಭಾವದಲ್ಲಿ ಅಗಲಿಕೆಯು ದೇವರಲ್ಲಿಯೇ ಉಂಟು. ನಮ್ಮಲ್ಲಿ ಅದು ನೋಡುವವನ ಕಣ್ಣಿನಲ್ಲಿ ಮಾತ್ರ. ಆದರೆ ಕೂಡಿಸುವ ಕೆಲಸಕ್ಕೆ ಮನುಷ್ಯನು ಬೇಕೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಶಿವಗಂಗೆಯ ನೀರು ತಾನಾಗಿ ಕೆಳಗಿಳಿದು ಮಂಟಪಕ್ಕೆ ಬರುವುದಿಲ್ಲ. ಯಾರಾದರೊಬ್ಬರು ಬೆಟ್ಟವನ್ನು ಹತ್ತಿ ಅದನ್ನು ತರಬೇಕು.