ಡಿಮೀಟರ್: ಗ್ರೀಕರ ಬೆಳೆದೇವತೆಯ ಚರಿತ್ರೆ

ಡಿಮೀಟರ್ ಪ್ರಾಚೀನ ಗ್ರೀಕರ ಬೆಳೆದೇವತೆ. ಗೋಧಿ, ಜವೆಗೋಧಿಗಳು ಅವಳ ಕೊಡುಗೆ, ಋತುಗಳು ತಿರುಗುವುದು ಅವಳ ಸುಖದುಃಖಗಳಿಂದ ಎಂದು ಗ್ರೀಕರು ನಂಬಿದ್ದರು. ಒಲಿಂಪಸ್ಸಿನ ಪ್ರಧಾನ ದೇವತೆಗಳಲ್ಲಿ ಅವಳೂ ಒಬ್ಬಳು, ಜ್ಯೂಸ್‌ನ ಒಡಹುಟ್ಟಿದವಳು. ಆದರೂ ಹೋಮರನ ಯುದ್ಧಕಾವ್ಯದಲ್ಲಿ ಅವಳಿಗೆ ಸಿಕ್ಕ ಜಾಗ ಬಹಳ ಸಣ್ಣದು. ವೀರರ ಕತೆಯಲ್ಲಿ ಅನ್ನದ ದೇವತೆಗೆ ಕೆಲಸ ಕಡಿಮೆ. ಅವಳ ಚರಿತ್ರೆಯನ್ನು ಹೊಲಗಳಲ್ಲಿ, ಬಿತ್ತುವವರ ಭಯಭಕ್ತಿಯಲ್ಲಿ ಹುಡುಕಬೇಕು.

ಆ ಚರಿತ್ರೆ ಹೋಮರನಿಗಿಂತ ಹಳೆಯದಿರಬೇಕು. ಮೈಸೀನೆಯಲ್ಲಿ ಸಿಕ್ಕ ಕ್ರಿ.ಪೂ. 13ನೆಯ ಶತಮಾನದ ಜೇಡಿಮಣ್ಣಿನ ಹಲಗೆಯೊಂದು ‘ಧಾನ್ಯದ ಒಡತಿ’ಯನ್ನು ಹೆಸರಿಸುತ್ತದೆ, ಅವಳೇ ಡಿಮೀಟರಳ ಪೂರ್ವರೂಪ ಎನ್ನುವ ವಿದ್ವಾಂಸರಿದ್ದಾರೆ. ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ಸ್ವತಃ ಬೇಸಾಯ ಬಲ್ಲವನು. ನೇಗಿಲಿನ ಮೇಳಿ ಹಿಡಿದು ಎತ್ತುಗಳನ್ನು ಹೂಡುವಾಗಲೇ, ತೆನೆ ಗಟ್ಟಿಯಾಗಿ ತೂಗಲೆಂದು ಡಿಮೀಟರಳಿಗೆ ಕೈಮುಗಿಯಬೇಕು ಎಂದು ಅವನು ರೈತರಿಗೆ ಹೇಳುತ್ತಾನೆ. ಪ್ರಾರ್ಥನೆಯ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಹಿಂದೊಬ್ಬ ಹುಡುಗ ಗುದ್ದಲಿ ಹಿಡಿದು ಬರಲಿ, ಬಿತ್ತಿದ ಕಾಳಿಗೆ ಮಣ್ಣು ಮುಚ್ಚಲಿ, ಹಕ್ಕಿಗಳಿಗೆ ತೊಂದರೆಯಾದರೂ ಆಗಲಿ.

ಅವಳ ಮುಖ್ಯ ಕತೆ ಇರುವುದು ‘ಡಿಮೀಟರಳ ಸ್ತೋತ್ರ’ ಎಂಬ, ಐನೂರು ಸಾಲಿಗೆ ಸ್ವಲ್ಪ ಕಡಿಮೆಯಿರುವ ಗ್ರೀಕ್ ಕಾವ್ಯದಲ್ಲಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಇದರ ಏಕೈಕ ಹಸ್ತಪ್ರತಿ 1777ರಲ್ಲಿ ಮಾಸ್ಕೋದಲ್ಲಿ ಬೆಳಕಿಗೆ ಬಂತು. ಹೂ ಕೊಯ್ಯುತ್ತಿದ್ದ ಮಗಳು ಪರ್ಸೆಫನಿಯನ್ನು ಪಾತಾಳದ ಒಡೆಯ ಹೇಡೀಸ್ ರಥದಲ್ಲಿ ಹೊತ್ತೊಯ್ಯುತ್ತಾನೆ. ತಾಯಿ ಪಂಜು ಹಿಡಿದು ಒಂಬತ್ತು ದಿನ ಅನ್ನನೀರಿಲ್ಲದೆ ಅಲೆಯುತ್ತಾಳೆ. ಆಮೇಲೆ ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಊರಿನ ಬಾವಿಕಟ್ಟೆಗೆ ಬಂದು ಕೂರುತ್ತಾಳೆ, ಅಲ್ಲಿನ ಅರಸನ ಮನೆಯಲ್ಲಿ ದಾದಿಯಾಗುತ್ತಾಳೆ. ಕೊನೆಗೆ ಅವಳ ಸಂಕಟ ಸಿಟ್ಟಾಗಿ, ಬಿತ್ತಿದ ಬೀಜ ಮೊಳೆಯುವುದೇ ನಿಲ್ಲುತ್ತದೆ. ಮನುಷ್ಯರು ಸತ್ತರೆ ನೈವೇದ್ಯ ಕೊಡುವವರು ಯಾರು? ಜ್ಯೂಸ್ ಮಣಿಯಲೇಬೇಕಾಗುತ್ತದೆ. ಆದರೆ ಪರ್ಸೆಫನಿ ಪಾತಾಳದಲ್ಲಿ ದಾಳಿಂಬೆಯ ಕಾಳೊಂದನ್ನು ತಿಂದುಬಿಟ್ಟಿದ್ದಳು. ಹಾಗಾಗಿ ವರ್ಷದ ಮೂರನೆಯ ಒಂದು ಪಾಲು ಅಲ್ಲಿ, ಉಳಿದದ್ದು ತಾಯಿಯ ಬಳಿ ಎಂದು ತೀರ್ಮಾನವಾಗುತ್ತದೆ. ದೇವತೆಗಳ ರಾಜನನ್ನು ಒಬ್ಬ ತಾಯಿ ಆಯುಧ ಮುಟ್ಟದೆ ಸೋಲಿಸಿದ ಈ ಕತೆ ಗ್ರೀಕ್ ಪುರಾಣದ ಅತ್ಯುತ್ತಮ ಕತೆಗಳಲ್ಲೊಂದು.

ಮಗಳಿಲ್ಲದ ಆ ತಿಂಗಳುಗಳು ಯಾವುವು? ಚಳಿಗಾಲ ಎಂಬುದು ರೂಢಿಯ ಉತ್ತರ, ಸ್ತೋತ್ರದಲ್ಲೂ ಅವಳು ಮರಳುವುದು ವಸಂತದಲ್ಲಿ. ಆದರೆ ಗ್ರೀಸಿನ ಹವಾಮಾನ ಇದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿದ ಪೈರು ಚಳಿಯಲ್ಲೇ ಹಸಿರಾಗಿ ನಿಂತು ಮೇ-ಜೂನ್ ಹೊತ್ತಿಗೆ ಕಟಾವಿಗೆ ಬರುತ್ತದೆ. ನೆಲ ಬರಡಾಗುವುದು ಬೇಸಿಗೆಯಲ್ಲಿ. ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ಇದನ್ನೇ ಆಧರಿಸಿ, ಪಾತಾಳದಲ್ಲಿರುವ ಮಗಳೆಂದರೆ ಬೇಸಿಗೆಯಲ್ಲಿ ಹಗೇವಿನೊಳಗೆ ಕೂಡಿಟ್ಟ ಬೀಜದ ಕಾಳು ಎಂದು ವಾದಿಸಿದ. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಹಗೇವು ಕಂಡ ರೈತನಿಗೆ ಈ ವಿವರಣೆ ತಟ್ಟನೆ ಹಿಡಿಸುತ್ತದೆ.

ಬಿತ್ತನೆಗೆ ಮುಂಚೆ ಗ್ರೀಸಿನ ಊರೂರಲ್ಲಿ ಹೆಂಗಸರಷ್ಟೇ ಸೇರಿ ಆಚರಿಸುತ್ತಿದ್ದ ಹಬ್ಬ ಥೆಸ್ಮೊಫೋರಿಯ. ಅಥೆನ್ಸಿನಲ್ಲಿ ಅದು ಮೂರು ದಿನ, ನಡುವಿನ ದಿನ ನೆಲದ ಮೇಲೆ ಕುಳಿತು ಉಪವಾಸ. ಮೊದಲೇ ಗುಂಡಿಗಳಿಗೆ ಹಾಕಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಹೆಂಗಸರು ಇಳಿದು ಮೇಲೆ ತಂದು ಪೂಜಾವೇದಿಕೆಯ ಮೇಲಿಡುತ್ತಿದ್ದರು. ಅದರಲ್ಲಿ ಹಿಡಿಯಷ್ಟನ್ನು ಬೀಜದ ಜೊತೆ ಬೆರೆಸಿ ಬಿತ್ತಿದರೆ ಬೆಳೆ ಹುಲುಸಾಗುತ್ತದೆಂಬ ನಂಬಿಕೆ. ಮನೆಯಾಚೆ ಹೆಚ್ಚಿನ ಅಧಿಕಾರವಿಲ್ಲದ ಅಥೆನ್ಸಿನ ಗೃಹಿಣಿಯರು ಆ ದಿನಗಳಲ್ಲಿ ಇಡೀ ನಗರದ ಅನ್ನದ ಹೊಣೆ ಹೊರುತ್ತಿದ್ದರು.

ಅಥೆನ್ಸಿನಿಂದ ಸುಮಾರು 20 ಕಿಲೋಮೀಟರ್ ದೂರದ ಎಲ್ಯೂಸಿಸ್‌ನಲ್ಲಿ ನಡೆಯುತ್ತಿದ್ದ ರಹಸ್ಯಾಚರಣೆಗಳು ಇನ್ನೂ ಪ್ರಸಿದ್ಧ. ಗ್ರೀಕ್ ಬಲ್ಲವರಾಗಿ, ಕೊಲೆಯ ಕಳಂಕವಿಲ್ಲದವರಾದರೆ ಸಾಕು, ಹೆಂಗಸರಿಗೂ ಗುಲಾಮರಿಗೂ ದೀಕ್ಷೆ ಸಿಗುತ್ತಿತ್ತು. ಉಪವಾಸ ಮುರಿಯಲು ಜವೆಗೋಧಿ ಮತ್ತು ಪುದೀನ ಜಾತಿಯ ಸೊಪ್ಪು ಬೆರೆಸಿದ ನೀರು. ಒಳಗೆ ಕಂಡದ್ದನ್ನು ಹೊರಗೆ ಹೇಳಿದವರಿಗೆ ಮರಣದಂಡನೆ, ಕ್ರಿ.ಪೂ. 415ರಲ್ಲಿ ಸೇನಾನಿ ಆಲ್ಸಿಬಯಡೀಸ್ ಈ ಆಚರಣೆಯನ್ನು ಅಣಕಿಸಿದನೆಂಬ ಆರೋಪ ಅವನ ಬಾಳನ್ನೇ ತಿರುವುಮುರುವು ಮಾಡಿತು. ಗುಡಿಯ ಖರ್ಚಿಗೆ ಧಾನ್ಯ ಬರುತ್ತಿದ್ದ ಲೆಕ್ಕ ಮಾತ್ರ ಗುಟ್ಟಲ್ಲ. ಜವೆಗೋಧಿಯಲ್ಲಿ 600ಕ್ಕೆ ಒಂದು ಪಾಲು, ಗೋಧಿಯಲ್ಲಿ 1,200ಕ್ಕೆ ಒಂದು ಪಾಲು ಮೀಸಲೆಂದು ಕ್ರಿ.ಪೂ. 5ನೆಯ ಶತಮಾನದ ಅಥೆನ್ಸ್ ಶಾಸನ ಹೇಳುತ್ತದೆ. ರೋಮನ್ ಚಕ್ರವರ್ತಿಗಳಾದ ಹೇಡ್ರಿಯನ್, ಮಾರ್ಕಸ್ ಆರಿಲಿಯಸ್ ಕೂಡ ಇಲ್ಲಿ ದೀಕ್ಷೆ ಪಡೆದರು.

ರೋಮನ್ನರು ಅವಳನ್ನು ತಮ್ಮ ಸೀರೀಸ್ ದೇವತೆಯೊಂದಿಗೆ ಒಂದಾಗಿಸಿದರು. ಕ್ಷಾಮದ ಕಾಲದಲ್ಲಿ ಹರಕೆ ಹೊತ್ತು ಕಟ್ಟಿದ, ಕ್ರಿ.ಪೂ. 493ರ ಅವೆಂಟೈನ್ ಗುಡ್ಡದ ಗುಡಿ ಸಾಮಾನ್ಯ ಪ್ರಜೆಗಳ ನೆಲೆಯಾಯಿತು. ಸಿಸಿಲಿಯ ಎನ್ನಾ ಪಟ್ಟಣವಂತೂ ಪರ್ಸೆಫನಿಯ ಅಪಹರಣ ನಡೆದದ್ದು ತನ್ನ ನೆಲದಲ್ಲೇ ಎನ್ನುತ್ತಿತ್ತು. ಅಲ್ಲಿನ ವಿಗ್ರಹವನ್ನು ಎತ್ತಿಕೊಂಡು ಹೋದ ಪ್ರಾಂತಾಧಿಕಾರಿ ವೆರ‍್ರಿಸ್‌ನ ಮೇಲೆ ಕ್ರಿ.ಪೂ. 70ರಲ್ಲಿ ಸಿಸಿರೊ ಆಪಾದನೆ ಹೊರಿಸಿದಾಗ, ದೇವಿಗಾದ ಅಪಚಾರದಿಂದಲೇ ಬೆಳೆ ಕೈಕೊಟ್ಟಿತೆಂದು ಸಿಸಿಲಿಯ ಜನ ನಂಬಿದ್ದನ್ನೂ ದಾಖಲಿಸಿದ.

ಕ್ರಿ.ಶ. 392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ಪೂಜೆಗಳನ್ನು ನಿಷೇಧಿಸಿದ. 396ರಲ್ಲಿ ಅಲಾರಿಕ್‌ನ ಗಾಥ್ ಸೇನೆ ಎಲ್ಯೂಸಿಸ್ಸನ್ನು ಹಾಳುಗೆಡವಿತು. ಆದರೆ ಹಳ್ಳಿಗರು ಬಿಡಲಿಲ್ಲ. ತಲೆಯ ಮೇಲೆ ಪೂಜೆಯ ಪೆಟ್ಟಿಗೆ ಹೊತ್ತ ಹೆಣ್ಣಿನ ದೊಡ್ಡ ಕಲ್ಲುವಿಗ್ರಹವೊಂದನ್ನು ಅವರು ಶತಮಾನಗಳ ಬಳಿಕವೂ ತಿಪ್ಪೆಯ ನಡುವೆ ನಿಲ್ಲಿಸಿಕೊಂಡು, ಹೊಲದ ಫಲವತ್ತು ಅದರಿಂದಲೇ ಎಂದು ನಂಬಿದ್ದರು. 1801ರಲ್ಲಿ ಇಂಗ್ಲಿಷ್ ಪ್ರವಾಸಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಅಟೊಮನ್ ಅಧಿಕಾರಿಯ ಅನುಮತಿ ಪಡೆದು, ಊರವರ ವಿರೋಧದ ನಡುವೆ ಅದನ್ನು ಸಾಗಿಸಿದ. ಹೊತ್ತೊಯ್ದ ಹಡಗು ಇಂಗ್ಲೆಂಡಿನ ತೀರದಲ್ಲಿ ಒಡೆಯಿತು. ವಿಗ್ರಹ ಉಳಿದು ಕೇಂಬ್ರಿಡ್ಜ್ ಸೇರಿತು. ಕೆಲ ವರ್ಷಗಳ ಬಳಿಕ ಎಲ್ಯೂಸಿಸ್‌ಗೆ ಹೋದ ಇನ್ನೊಬ್ಬ ಇಂಗ್ಲಿಷ್ ಪ್ರವಾಸಿಯ ಮುಂದೆ ರೈತರು, ವಿಗ್ರಹ ಹೋದಮೇಲೆ ಬೆಳೆಯ ಸಮೃದ್ಧಿ ಹೋಯಿತೆಂದು ಗೋಳಾಡಿದರು. ಎನ್ನಾದ ದೂರಿಗೂ ಈ ದೂರಿಗೂ ಹೆಚ್ಚುಕಡಿಮೆ 1,900 ವರ್ಷಗಳ ಅಂತರ. ಆ ವಿಗ್ರಹ ದೇವಿಯದಲ್ಲ, ಗುಡಿಯ ದ್ವಾರದ ಕಂಬದ ಶಿಲ್ಪ ಎಂದು ವಿದ್ವಾಂಸರು ಈಗ ಹೇಳುತ್ತಾರೆ. ಅದರ ಜೋಡಿ ಶಿಲ್ಪ ಎಲ್ಯೂಸಿಸ್ ವಸ್ತುಸಂಗ್ರಹಾಲಯದಲ್ಲಿದೆ. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿರುವುದು ಅದರ ಪಕ್ಕಕ್ಕೆ ಮರಳುವುದೇ ನ್ಯಾಯ.

ಅದೇ 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಝಿ ಕಂಡುಹಿಡಿದ ಆಕಾಶಕಾಯಕ್ಕೆ ಸೀರೀಸ್ ಹೆಸರು ಬಂತು. ಕಲ್ಪಿತ ಲೋಕಗಳಲ್ಲೂ ಈ ಬಗೆಯ ದೇವತೆ ಬೇರು ಬಿಟ್ಟಿದ್ದಾಳೆ. ಕೆನಡಾದ ಎಡ್ ಗ್ರೀನ್‌ವುಡ್ ಸೃಷ್ಟಿಸಿ, 1987ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಭಾಗವಾಗಿ ಪ್ರಕಟವಾದ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಚಾಂಟಿಯಾ ರೈತರ ದೇವತೆ. ಅಲ್ಲಿನ ಮೂನ್‌ಶೇ ದ್ವೀಪಗಳಲ್ಲಿ ಅವಳಿಗೆ ಭೂತಾಯಿಯೆಂದೇ ಪೂಜೆ.

ಇಂದಿನ ಎಲ್ಯೂಸಿಸ್ ತೈಲ ಸಂಸ್ಕರಣೆಯ ಕೈಗಾರಿಕಾ ಪಟ್ಟಣ, 2023ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲೊಂದಾಗಿತ್ತು. ಡಿಮೀಟರಳ ಗುಡಿಯ ಅವಶೇಷಗಳ ಮೇಲಿನ ದಿಣ್ಣೆಯಲ್ಲಿ ಮೇರಿ ಮಾತೆಯ ಪುಟ್ಟ ಪ್ರಾರ್ಥನಾಮಂದಿರವಿದೆ. ಅಲ್ಲಿ ಅವಳನ್ನು ‘ನಡುಬಿತ್ತನೆಯ ತಾಯಿ’ ಎಂದು ಕರೆಯುತ್ತಾರೆ. ಪ್ರತಿ ವರ್ಷ ನವೆಂಬರ್ 21ರ ಹಬ್ಬಕ್ಕೆ ಹೆಂಗಸರು ಗೋಧಿ, ಕಡಲೆ, ಅವರೆ ಜಾತಿಯ ಕಾಳುಗಳನ್ನು ಬೇಯಿಸಿ, ದಾಳಿಂಬೆ ಬೆರೆಸಿ ತಂದು, ಪೂಜೆಯ ನಂತರ ನೆರೆದವರಿಗೆಲ್ಲ ಹಂಚುತ್ತಾರೆ.