"ಸೇದಲಿ ಬಿಡಿ, ಪಾಪ" - ಒಂದು ಮಾತಿನ ಇತಿಹಾಸ

ಕಳೆದ ವರ್ಷ ನಮ್ಮ ಏಳನೇ ತರಗತಿಯ ಹುಡುಗನೊಬ್ಬ ಬೀಡಿ ಕಟ್ಟು ಹಿಡಿದು ಅಂಗಡಿ ಮುಂದೆ ಸಿಕ್ಕಿಬಿದ್ದ. "ಮಾವನಿಗೆ ಸಾರ್" ಎಂದ. ಸಂಜೆ ಅವನ ಮನೆಗೆ ಹೋದೆ. ಮಾವ ಜಗಲಿಯಲ್ಲಿ ಕೂತಿದ್ದರು. ಸ್ಕಿಜೋಫ್ರೇನಿಯಾಕ್ಕೆ ಹಲವು ವರ್ಷಗಳಿಂದ ಮದ್ದು ತೆಗೆದುಕೊಳ್ಳುವವರು. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಂತೆ ಅಲ್ಲೂ ಅಜ್ಜಿ ಬೀಡಿ ಕಟ್ಟಿಯೇ ಮಕ್ಕಳನ್ನು ಸಾಕಿದವರು. ಅವರು ಹೇಳಿದ್ದು ಇಷ್ಟೇ: "ಅವನಿಗೆ ಬೇರೆ ಏನುಂಟು ಮಾಷ್ಟ್ರೇ? ಸೇದಲಿ ಬಿಡಿ, ಪಾಪ."

ಆ ತಾಯಿಯ ಮಾತಿನಲ್ಲಿ ಬರೀ ಪ್ರೀತಿ ಇತ್ತು. ಆದರೆ ಇದೇ ಮಾತನ್ನು ಹಿಂದೆ ದೊಡ್ಡ ದೊಡ್ಡ ಆಸ್ಪತ್ರೆಗಳೂ ಹೇಳಿದ್ದವು. ಅಲ್ಲಿ ಬರೀ ಪ್ರೀತಿ ಇರಲಿಲ್ಲ!

ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಸಿಗರೇಟು ಒಂದು ನಾಣ್ಯವಾಗಿತ್ತು. 1960ರ ದಶಕದಲ್ಲಿ ಇಲಿನಾಯ್ ರಾಜ್ಯದ ಅನ್ನಾ ಆಸ್ಪತ್ರೆಯಲ್ಲಿ ಅಯ್ಲೋನ್ ಮತ್ತು ಅಜ್ರಿನ್ ಎಂಬ ಮನಶ್ಶಾಸ್ತ್ರಜ್ಞರು 'ಟೋಕನ್' ಪದ್ಧತಿ ತಂದರು. ರೋಗಿ ಹಾಸಿಗೆ ಮಡಚಿದರೆ, ಕೆಲಸ ಮಾಡಿದರೆ ಟೋಕನ್. ಟೋಕನ್ ಕೊಟ್ಟರೆ ಬೇಕಾದ ವಸ್ತು. ಆ ವಸ್ತುಗಳಲ್ಲಿ ಸಿಗರೇಟೂ ಒಂದು. ಈ ಪದ್ಧತಿ ಬೇರೆ ಆಸ್ಪತ್ರೆಗಳಿಗೂ ಹರಡಿತು.

1990ರ ದಶಕದ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗಳೊಳಗೆ ಧೂಮಪಾನ ನಿಲ್ಲಿಸುವ ನಿಯಮ ಬಂತು. ಮಾನಸಿಕ ವಿಭಾಗಗಳಿಗೆ ಮಾತ್ರ ವಿನಾಯಿತಿ ಕೇಳಲಾಯಿತು, ಸಿಕ್ಕಿತು ಕೂಡ. ಕೇಳಿದವರಲ್ಲಿ ರೋಗಿಗಳ ಪರ ಸಂಘಟನೆಗಳೂ ಇದ್ದವು. 2008ರಲ್ಲಿ ಜೂಡಿತ್ ಪ್ರೊಚಾಸ್ಕಾ ಮತ್ತು ಸಂಗಡಿಗರು ತಂಬಾಕು ಕಂಪೆನಿಗಳ ಹಳೆಯ ಕಡತಗಳನ್ನು ಓದಿ ಪ್ರಕಟಿಸಿದಾಗ ಒಳಗಿನ ಕತೆ ಗೊತ್ತಾಯಿತು. ಈ ರೋಗಿಗಳಿಗೆ ತಂಬಾಕೇ ಒಂದು ಮದ್ದು ಎಂಬ ವಾದಕ್ಕೆ ಬೆಂಬಲವಾಗುವ ಸಂಶೋಧನೆಗಳಿಗೆ ಕಂಪೆನಿಗಳು ಹಣ ಕೊಟ್ಟಿದ್ದವು. ಆಸ್ಪತ್ರೆಗಳಿಗೆ ಸಿಗರೇಟು ಒದಗಿಸಿದ್ದವು. ನಿಷೇಧ ತಡೆಯುವ ಪ್ರಯತ್ನಗಳಿಗೂ ಬೆಂಬಲ ಕೊಟ್ಟಿದ್ದವು.

ಇಂಗ್ಲೆಂಡಿನಲ್ಲೂ 2007ರ ಜುಲೈ 1ರಂದು ಸಾರ್ವಜನಿಕ ಒಳಾಂಗಣಗಳಲ್ಲಿ ಧೂಮಪಾನ ನಿಂತರೂ ಮಾನಸಿಕ ಚಿಕಿತ್ಸಾ ಘಟಕಗಳಿಗೆ ಇನ್ನೊಂದು ವರ್ಷ ವಿನಾಯಿತಿ ಇತ್ತು.

ಈ ರಿಯಾಯಿತಿಗೆ ಬೆಲೆ ತೆತ್ತವರು ಯಾರು? ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಹೆಚ್ಚಿನವರ ಸಾವಿಗೆ ಕಾರಣ ಹೃದಯ, ಶ್ವಾಸಕೋಶದಂಥ ದೇಹದ ಕಾಯಿಲೆಗಳು. ಇದರಲ್ಲಿ ತಂಬಾಕಿನ ಪಾಲು ದೊಡ್ಡದು.

ಬಿಟ್ಟರೆ ಮನಸ್ಸು ಕೆಡುವುದಿಲ್ಲವೇ? 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೆಯೇ. ಬೀಡಿ ಸೇದಿದಾಗ ಸಿಗುವ 'ಸಮಾಧಾನ'ದಲ್ಲಿ ಹೆಚ್ಚಿನದು ಹಿಂದಿನ ಬೀಡಿಯ ಚಟ ಹುಟ್ಟಿಸಿದ ಚಡಪಡಿಕೆ ಇಳಿಯುವುದಷ್ಟೇ. 2016ರಲ್ಲಿ 16 ದೇಶಗಳ 8,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾನಸಿಕ ಕಾಯಿಲೆ ಇದ್ದವರು. ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳಿಂದ ಮನಸ್ಸಿನ ತೊಂದರೆ ಗಣನೀಯವಾಗಿ ಹೆಚ್ಚಲಿಲ್ಲ. ಅದೇ ವರ್ಷದ ಕೊನೆಗೆ ಅಮೆರಿಕ ಸರಕಾರ ಆ ಮಾತ್ರೆಗಳ ಮೇಲಿದ್ದ ಕಠಿಣ ಎಚ್ಚರಿಕೆಯನ್ನು ತೆಗೆಸಿತು.

ಆದರೆ ಒಂದು ಎಚ್ಚರ, ದಯವಿಟ್ಟು ಗಮನಿಸಿ. ಹೊಗೆಯಲ್ಲಿರುವ ಅಂಶಗಳು ಕ್ಲೋಜಪಿನ್, ಒಲಾಂಜಪಿನ್ ಮದ್ದುಗಳನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತವೆ. ಧೂಮಪಾನ ನಿಲ್ಲಿಸಿದರೆ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ಉಳಿಯುತ್ತದೆ. ವಿಪರೀತ ತೂಕಡಿಕೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಬಿಡುವ ಮೊದಲೇ ಡಾಕ್ಟರಿಗೆ ಹೇಳಬೇಕು, ಅವರು ಪ್ರಮಾಣ ಸರಿಮಾಡುತ್ತಾರೆ. ಮಾತ್ರೆಯನ್ನು ನಾವಾಗಿ ನಿಲ್ಲಿಸಲೇಬಾರದು.

ನಮ್ಮ ಕೇರಳ ಹೈಕೋರ್ಟು 1999ರ ಜುಲೈಯಲ್ಲೇ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ ಹೊಗೆ ಕಡಿಮೆಯಾಯಿತು. ಜಗಲಿಯ ಮೂಲೆಯ ಹೊಗೆಯನ್ನು ಕೋರ್ಟು ನೋಡಲಾರದು, ಮನೆಯವರೇ ನೋಡಬೇಕು.

ಇಷ್ಟನ್ನೂ ಆ ಅಜ್ಜಿಗೆ ಕೂತು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ತಿಂಗಳು ಡಾಕ್ಟರ ಬಳಿ ಹೋಗುವಾಗ ನನ್ನನ್ನೂ ಕರೆದರು. ಮಾವ ಪೂರ್ತಿ ಬಿಟ್ಟಿಲ್ಲ. ಎರಡು ಕಟ್ಟಿದ್ದದ್ದು ಅರ್ಧ ಕಟ್ಟಿಗೆ ಬಂದಿದೆ. ಹುಡುಗನನ್ನು ಮಾತ್ರ ಈಗ ಯಾರೂ ಅಂಗಡಿಗೆ ಕಳಿಸುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ತಂಬಾಕು ಬಿಡಲು ಸಹಾಯ ಮಾಡುವ ಉಚಿತ ಸಂಖ್ಯೆ 1800-11-2356.