ನಿಲ್ದಾಣದ ಸುತ್ತಣ ನೆಲ: ಮುಂಬಯಿಯ ಉಪನಗರಗಳ ಇತಿಹಾಸದಿಂದ ಒಂದು ಅಧ್ಯಾಯ

ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಮುಂಬಯಿ ಪರಸ್ಥಳವೆನಿಸಿದರೂ ಪರಕೀಯವೆನಿಸಿಲ್ಲ. ಅಕ್ಕಲಕೋಟೆ, ಜತ್ತ, ಮಂಗಳವೇಢೆಗಳ ಕಡೆಯಿಂದ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಆ ಮಹಾನಗರವನ್ನು ಸೇರಿದವರು ನಮ್ಮಲ್ಲಿ ಅನೇಕರು. ರಾತ್ರಿ ಸಿದ್ಧೇಶ್ವರ ಗಾಡಿಯನ್ನೇರಿ ಬೆಳಗಿನ ಹೊತ್ತಿಗೆ ಕಲ್ಯಾಣದಲ್ಲಿಯೋ ದಾದರದಲ್ಲಿಯೋ ಇಳಿದ ತರುಣನು ಖೋಲಿಯೊಂದನ್ನು ಅರಸುವಾಗ ಮೊದಲು ಕೇಳುವ ಮಾತು ‘ಬಾಡಿಗೆ ಎಷ್ಟು?’ ಎಂಬುದಲ್ಲ, ‘ಸ್ಟೇಶನ್ನಿನಿಂದ ಎಷ್ಟು ದೂರ?’ ಎಂಬುದು. ಬಾಡಿಗೆಯ ಲೆಕ್ಕವೆಲ್ಲ ಆ ಒಂದು ಉತ್ತರದಲ್ಲಿಯೇ ಅಡಗಿರುತ್ತದೆ. ನಿಲ್ದಾಣದ ಸುತ್ತ ಕಾಲ್ನಡಿಗೆಯ ಅಂತರದೊಳಗೆ ಮನೆ, ಕಚೇರಿ, ಪೇಟೆ, ಶಾಲೆಗಳನ್ನು ಒತ್ತಾಗಿ ಯೋಜಿಸಿ ಕಟ್ಟುವ ಪದ್ಧತಿಗೆ ಇಂದಿನ ನಗರಶಾಸ್ತ್ರಜ್ಞರು ‘ಸಾರಿಗೆ ಕೇಂದ್ರಿತ ಅಭಿವೃದ್ಧಿ’ ಎಂದು ಹೆಸರಿಟ್ಟಿದ್ದಾರೆ. ಅಮೆರಿಕೆಯ ಪೀಟರ್ ಕಾಲ್ಥೋರ್ಪ್ ಎಂಬ ನಗರ ಯೋಜಕರು 1993ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಹೆಸರು ಹೊಸದು; ಸಂಗತಿ ಮಾತ್ರ ಹಳೆಯದು. ಮುಂಬಯಿಯಲ್ಲಿ ಅದಕ್ಕೆ ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಪ್ರಶ್ನೆಯೊಂದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶವಾಗಿದೆ. ನಿಲ್ದಾಣ ಬಂದುದರಿಂದ ಸುತ್ತಣ ನೆಲಕ್ಕೆ ಏರುವ ಬೆಲೆ ಯಾರ ಸೊತ್ತು?

1853ನೆಯ ಇಸವಿಯ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 21 ಮೈಲುಗಳ ದಾರಿಯಲ್ಲಿ ಮೊದಲನೆಯ ಉಗಿಬಂಡಿ ಓಡಿತು. ಮರುವರ್ಷ ದಾರಿಯು ಕಲ್ಯಾಣವನ್ನು ಮುಟ್ಟಿತು. ನಮ್ಮ ಸೊಲ್ಲಾಪುರಕ್ಕೆ ರೈಲು ಬಂದುದು 1860ರಲ್ಲಿ. ಆದರೆ ಭೋರಘಾಟದ ಕಾಮಗಾರಿ ಮುಗಿದುದು 1863ರಲ್ಲಾದುದರಿಂದ ಮೊದಲ ಮೂರು ವರ್ಷ ಈ ಸೀಮೆಯ ಅರಳೆ ಘಾಟದ ತಲೆಯಲ್ಲಿ ಗಾಡಿಯಿಂದಿಳಿದು ಬುಡದಲ್ಲಿ ಮತ್ತೆ ಗಾಡಿಯನ್ನೇರಬೇಕಾಗಿತ್ತು. ರೈಲನ್ನು ಹಾಕಿದವರ ಕಣ್ಣು ಈ ಅರಳೆಯ ಮೇಲಿತ್ತು, ಬಂದರದ ಮೇಲಿತ್ತು. ದಿನವೂ ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಮರಳುವ ಕಾರಕೂನನ ಮೇಲೆ ಇರಲಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಆಗಿನ ರೈಲು ಕಂಪನಿಗಳಿಗೆ ಸರಕಾರವು ನೆಲವನ್ನು ಪುಕ್ಕಟೆಯಾಗಿ ಕೊಟ್ಟು, ಹೂಡಿದ ಬಂಡವಾಳದ ಮೇಲೆ ನೂರಕ್ಕೆ 5ರಂತೆ ಬಡ್ಡಿಯ ಭರವಸೆಯನ್ನೂ ಕೊಟ್ಟಿತ್ತು. ಲಾಭ ಬರಲಿ ಬಾರದಿರಲಿ, ಪಾಲುದಾರನ ಬಡ್ಡಿ ತಪ್ಪುತ್ತಿರಲಿಲ್ಲ. ಕಡಿಮೆ ಬಿದ್ದ ಹಣವನ್ನು ತೆತ್ತವನು ಹಿಂದುಸ್ಥಾನದ ರೈತ. ಹೀಗಿರುವಾಗ ನಿಲ್ದಾಣದ ಸುತ್ತ ಊರು ಕಟ್ಟಿ ಅದರಿಂದ ಹಣ ಗಳಿಸುವ ವಿಚಾರ ಆ ಕಂಪನಿಗಳಿಗೆ ಏಕೆ ಹೊಳೆಯಬೇಕು?

ಅದು ಹೊಳೆದುದು ಬೇರೊಂದು ದೇಶದಲ್ಲಿ, ಇಂಥ ಭರವಸೆ ಇಲ್ಲದ ಒಬ್ಬ ಉದ್ಯಮಿಗೆ. ಜಪಾನಿನ ಓಸಾಕಾ ನಗರದ ಕೊಬಾಯಾಶಿ ಇಚಿಜೊ ಎಂಬವರು 1910ರಲ್ಲಿ ಉಮೇದಾದಿಂದ ತಕಾರಾಜುಕಾ ಎಂಬ ಬಿಸಿನೀರ ಬುಗ್ಗೆಗಳ ಊರಿಗೆ ವಿದ್ಯುತ್ ರೈಲನ್ನು ಆರಂಭಿಸಿದರು. ದಾರಿಯ ಇಕ್ಕೆಲಗಳಲ್ಲಿ ಇದ್ದುದು ಹೊಲಗದ್ದೆ. ಜನವೇ ಇಲ್ಲದ ಕಡೆ ರೈಲಿನಲ್ಲಿ ಕುಳಿತುಕೊಳ್ಳುವವರು ಯಾರು? ಕೊಬಾಯಾಶಿಯವರು ನೆಲ ಅಗ್ಗವಾಗಿರುವಾಗಲೇ ಕೊಂಡು, ಇಕೇದಾ ಎಂಬಲ್ಲಿ ನಿಲ್ದಾಣದ ಮಗ್ಗುಲಿಗೆ ಮನೆಗಳನ್ನು ಕಟ್ಟಿಸಿ, ಸಂಬಳದಾರರಿಗೆ ಕಂತಿನ ಮೇಲೆ ಮಾರಿದರು. ಬೆಳಿಗ್ಗೆ ನಗರದತ್ತ ತುಂಬಿ ಹೋದ ಗಾಡಿ ಬರಿದಾಗಿ ಹಿಂದಿರುಗಬಾರದೆಂದು ದಾರಿಯ ಆ ತುದಿಯಲ್ಲಿ ಸ್ನಾನಗೃಹ, ನಾಟ್ಯಮಂಡಲಿಗಳನ್ನೂ, 1929ರಲ್ಲಿ ಈ ತುದಿಯ ನಿಲ್ದಾಣಕ್ಕೆ ಹತ್ತಿ ಒಂದು ದೊಡ್ಡ ಮಳಿಗೆಯನ್ನೂ ಸ್ಥಾಪಿಸಿದರು. ಟಿಕೇಟಿನ ಹಣಕ್ಕೆ ನೆಲದ ಹಣ ಬೆಂಬಲವಾಯಿತು. ವ್ಯಾಪಾರಿಯ ಬುದ್ಧಿಯೇ ಸರಿ. ಆದರೆ ರೈಲು ಮತ್ತು ನೆಲ ಒಂದೇ ಕೈಯಲ್ಲಿದ್ದರೆ ಏನಾದೀತೆಂಬುದನ್ನು ಅದು ತೋರಿಸಿಕೊಟ್ಟಿತು.

ಮುಂಬಯಿಯಲ್ಲಿ ನೆಲದ ವಿಚಾರವನ್ನು ಮಾಡಿಸಿದುದು ರೈಲಲ್ಲ, ಮಹಾಮಾರಿ. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಗಾಳಿ ಬೆಳಕುಗಳಿಲ್ಲದ ಚಾಳುಗಳನ್ನು ಮಸಣವಾಗಿಸಿತು. 1898ರ ಕಾಯದೆಯಂತೆ ಮುಂಬಯಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಅದು ನಗರದ ಒಳಭಾಗದಲ್ಲಿ ಹಳೆಯ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಯಿತು. ಕೆಡವಿದಷ್ಟು ಬಡವರ ಮನೆಗಳನ್ನು ಕಟ್ಟಲಿಲ್ಲವೆಂಬ ಅಪವಾದವನ್ನೂ ಹೊತ್ತಿತು. ನಮ್ಮ ವಿಷಯಕ್ಕೆ ಸಂಬಂಧಿಸಿದುದು ಅದರ ಇನ್ನೊಂದು ಕೆಲಸ. ನಗರದ ಉತ್ತರಕ್ಕೆ ದಾದರ, ಮಾಟುಂಗಾಗಳ ಗದ್ದೆ ತೋಟಗಳನ್ನು ಟ್ರಸ್ಟು ಸ್ವಾಧೀನಕ್ಕೆ ತೆಗೆದುಕೊಂಡು ರಸ್ತೆ, ಚರಂಡಿ, ಉದ್ಯಾನಗಳನ್ನು ಮೊದಲು ಗುರುತಿಸಿ, ಆ ಬಳಿಕ ನಿವೇಶನಗಳನ್ನು ಮಾರದೆ ಗೇಣಿಯ ಮೇಲೆ ಕೊಟ್ಟಿತು. ಮಾರಿದ ನೆಲದ ಬೆಲೆ ಏರಿದರೆ ಅದು ಕೊಂಡವನ ಪಾಲು. ಗೇಣಿಗೆ ಕೊಟ್ಟ ನೆಲದ ಒಡೆತನ ಟ್ರಸ್ಟಿನದೇ. ಇದೇ ಈ ಯೋಜನೆಯ ಜಾಣತನ.

ಯೋಜನೆ ಸಿದ್ಧವಾದುದು ಶತಮಾನದ ಆರಂಭದಲ್ಲಾದರೂ ಮನೆಗಳು ತುಂಬಿದುದು ಮೊದಲ ಮಹಾಯುದ್ಧದ ತರುವಾಯ. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹಾರ್ಬರ್ ಮಾರ್ಗವಾಗಿ ಕುರ್ಲೆಗೆ ದೇಶದ ಮೊದಲನೆಯ ವಿದ್ಯುತ್ ಗಾಡಿ ಓಡಿತು. 1928ರಲ್ಲಿ ಪಶ್ಚಿಮದ ಮಾರ್ಗವೂ ಬೋರಿವಲಿಯವರೆಗೆ ವಿದ್ಯುತ್ತಿಗೆ ಬದಲಾಯಿತು. ಹೊಗೆಯಿಲ್ಲದ, ಬೇಗನೆ ನಿಂತು ಬೇಗನೆ ಹೊರಡುವ ಗಾಡಿ ಬಂದುದರಿಂದ ಕೋಟೆಯ ಕಚೇರಿಗಳಲ್ಲಿ ದುಡಿಯುವ ಮಧ್ಯಮ ವರ್ಗದವರಿಗೆ ಮಾಟುಂಗಾ ಹತ್ತಿರವಾಯಿತು. ಹೀಗೆ ಬಂದು ನೆಲೆಸಿದವರಲ್ಲಿ ದಕ್ಷಿಣದೇಶೀಯರು ಬಹುಮಂದಿ. 1926ರಲ್ಲಿ ಸ್ಥಾಪಿತವಾದ ಮೈಸೂರ್ ಅಸೋಸಿಯೇಷನ್ ಮಾಟುಂಗಾದಲ್ಲಿ ನೆಲೆಯೂರಿದುದೂ, 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಮಾಟುಂಗಾ ನಿಲ್ದಾಣದ ಮಗ್ಗುಲಿಗೇ ತೆರೆದುದೂ ಆಕಸ್ಮಿಕಗಳಲ್ಲ. ಗಾಡಿಯಿಂದ ಇಳಿದವನ ಹಸಿವು ಎಲ್ಲಿ ಎದುರಾಗುತ್ತದೆಂಬುದನ್ನು ಉಡುಪಿಯವರಿಗೆ ನಗರ ಯೋಜಕರು ಹೇಳಿಕೊಡಬೇಕಾಗಿರಲಿಲ್ಲ. ಮುಂಬಯಿಯ ಕನ್ನಡದ ಬಾಳು ಬಹುಮಟ್ಟಿಗೆ ರೈಲು ಹಳಿಗಳ ಆಸುಪಾಸಿನಲ್ಲಿಯೇ ಬೆಳೆದು ಬಂದಿದೆ.

1933ರಲ್ಲಿ ಟ್ರಸ್ಟು ಮಹಾನಗರಪಾಲಿಕೆಯಲ್ಲಿ ಲೀನವಾಯಿತು. ಸ್ವಾತಂತ್ರ್ಯಾನಂತರ ರೈಲು ಕೇಂದ್ರ ಸರಕಾರದ್ದು, ನೆಲದ ಕಾನೂನು ರಾಜ್ಯ ಸರಕಾರದ್ದು, ರಸ್ತೆ ಚರಂಡಿಗಳು ನಗರಸಭೆಯವು ಎಂದಾಗಿ ಒಂದು ನಿಲ್ದಾಣಕ್ಕೆ ಮೂವರು ಒಡೆಯರಾದರು. ಡೊಂಬಿವಲಿಯಂಥ ಊರುಗಳು ನಿಲ್ದಾಣವೊಂದನ್ನೇ ನಂಬಿ ಯಾವ ನಕಾಶೆಯನ್ನೂ ಕಾಯದೆ ಬೆಳೆದವು. ಏರಿದ ಬೆಲೆ ಮನೆ ಕಟ್ಟಿ ಮಾರುವವರ ಪಾಲಾಯಿತು. ನಿಲ್ದಾಣದ ಮುಂದೆ ರಿಕ್ಷಾ, ಬಸ್ಸು, ತರಕಾರಿಯ ಬುಟ್ಟಿ, ಮನುಷ್ಯ ಎಲ್ಲವೂ ಒಂದರ ಮೇಲೊಂದು ಬಿದ್ದಂತೆ ನಿಂತವು.

ನಗರದ ನಡುಮಧ್ಯದಲ್ಲಿ ಇದಕ್ಕಿಂತ ಘೋರವಾದುದು ನಡೆಯಿತು. 1982ರ ಮಹಾಮುಷ್ಕರದ ಬಳಿಕ ಪರೇಲ, ಲೋವರ್ ಪರೇಲಗಳ ಬಟ್ಟೆಯ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಗಿರಣಿಯ ಭೋಂಗಾ ನಿಂತರೆ ಊರಿಗೆ ಏನಾಗುತ್ತದೆಂಬುದನ್ನು ಸೊಲ್ಲಾಪುರದವರಾದ ನಾವು ಬಲ್ಲೆವು. 1991ರ ನಿಯಮವು ಗಿರಣಿಯ ನೆಲದಲ್ಲಿ ಮೂರನೆಯ ಒಂದಂಶ ಬಯಲಿಗೆ, ಒಂದಂಶ ಸಾರ್ವಜನಿಕ ವಸತಿಗೆ, ಒಂದಂಶ ಒಡೆಯನಿಗೆ ಎಂದು ಹಂಚಿತ್ತು. 2001ರ ತಿದ್ದುಪಡಿಯಿಂದ ಈ ಹಂಚಿಕೆ ಕಟ್ಟಡವಿಲ್ಲದ ಖಾಲಿ ನೆಲಕ್ಕಷ್ಟೇ ಸೀಮಿತವಾಯಿತು. ಗಿರಣಿಯ ಅಂಗಳದಲ್ಲಿ ಬಯಲೆಷ್ಟು ಉಳಿದೀತು? ಗಗನಚುಂಬಿ ಕಚೇರಿಗಳು ಎದ್ದವು. ದಿನವೂ ಸಹಸ್ರಾವಧಿ ನೌಕರರು ಗಿರಣಿ ಕಾಲದ ಅದೇ ಇಕ್ಕಟ್ಟಾದ ನಿಲ್ದಾಣಗಳಲ್ಲಿ ಇಳಿಯತೊಡಗಿದರು. ಕಟ್ಟಡಗಳಿಂದ ಬಂದ ಹಣದ ಸಣ್ಣ ಪಾಲಾದರೂ ನಿಲ್ದಾಣದ ಮೆಟ್ಟಿಲುಗಳಿಗೆ ಸಲ್ಲಬೇಕೆಂಬ ಕಟ್ಟಳೆ ಇರಲಿಲ್ಲ. 2017ರ ಸಪ್ಟೆಂಬರ್ 29ರ ಬೆಳಿಗ್ಗೆ ಮಳೆಯಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ 23 ಮಂದಿ ಪ್ರಾಣಬಿಟ್ಟರು. ಅವರು ಬಿದ್ದುದು ನಗರದ ಅತ್ಯಂತ ಬೆಲೆಬಾಳುವ ನೆಲದ ಮಗ್ಗುಲಿನಲ್ಲಿ. ಆಮೇಲೆ ಸೈನ್ಯದವರನ್ನು ಕರೆಯಿಸಿ ಹೊಸ ಸೇತುವೆಯನ್ನು ಕಟ್ಟಿಸಲಾಯಿತು. 2018ರಲ್ಲಿ ನಿಲ್ದಾಣದ ಹೆಸರನ್ನು ಪ್ರಭಾದೇವಿ ಎಂದು ಬದಲಿಸಲಾಯಿತು.

ಈ ದುರವಸ್ಥೆ ಬಾರದಿರಲೆಂದು ಮೊದಲೇ ಒಂದು ದಾರಿಯನ್ನು ಯೋಚಿಸಿದವರು ಇಲ್ಲದಿರಲಿಲ್ಲ. ದಕ್ಷಿಣೋತ್ತರವಾಗಿ ಹಳಿಗಳ ಗುಂಟ ನೀಳವಾಗಿ ಬೆಳೆಯುತ್ತಿರುವ ಮುಂಬಯಿಯನ್ನು ಕೊಲ್ಲಿಯ ಆಚೆಯ ದಂಡೆಗೆ ತಿರುಗಿಸಬೇಕೆಂದು 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಈ ಮೂವರು ‘ಮಾರ್ಗ್’ ಪತ್ರಿಕೆಯಲ್ಲಿ ಸೂಚಿಸಿದರು. 1970ರಲ್ಲಿ ಸರಕಾರವು ಸಿಡ್ಕೋ ಎಂಬ ನಿಗಮವನ್ನು ಸ್ಥಾಪಿಸಿ ನವಿಮುಂಬಯಿಯ ನಿರ್ಮಾಣವನ್ನು ಅದಕ್ಕೆ ವಹಿಸಿತು. ಒಂದೇ ನಡುನಗರವಿಲ್ಲದೆ, ವಾಶಿ, ನೆರುಳ, ಬೇಲಾಪುರ ಎಂದು ರೈಲುದಾರಿಯ ಗುಂಟ ಮಣಿಗಳಂತೆ ಪೋಣಿಸಿದ ಊರುಗಳು. ಪ್ರತಿಯೊಂದಕ್ಕೂ ಒಂದು ನಿಲ್ದಾಣ. ನೆಲವನ್ನು ಹೊಲದ ಬೆಲೆಗೆ ಪಡೆದು, ಸುಧಾರಿಸಿ, ಏರಿದ ಬೆಲೆಗೆ ಕೊಟ್ಟು, ಆ ಹಣದಿಂದಲೇ ನಗರವನ್ನು ಕಟ್ಟಬೇಕೆಂಬುದು ಸಂಕಲ್ಪ.

ಆದರೆ ರೈಲು ತಡವಾಯಿತು. 1973ರಲ್ಲಿ ವಾಹನಗಳ ಸೇತುವೆ ಸಿದ್ಧವಾದರೂ ರೈಲು ಕೊಲ್ಲಿಯನ್ನು ದಾಟಿ ವಾಶಿಗೆ ಬಂದುದು 1992ರ ಮೇ ತಿಂಗಳಿನಲ್ಲಿ. ಮಂತ್ರಾಲಯವನ್ನು ಹೊಸನಗರಕ್ಕೆ ಸಾಗಿಸುವ ಮಾತು ಮಾತಾಗಿಯೇ ಉಳಿಯಿತು. ಅತ್ತ ನರೀಮನ್ ಪಾಯಿಂಟಿನಲ್ಲಿ ಸಮುದ್ರವನ್ನು ತುಂಬಿ ಕಚೇರಿಗಳನ್ನು ಏರಿಸುತ್ತ ಇತ್ತ ಜನರು ಆಚೆಯ ದಂಡೆಗೆ ಹೋಗಲೆಂದು ಅಪೇಕ್ಷಿಸುವುದು ವಿಚಿತ್ರವಾದ ಯೋಜನೆಯೆಂದು ನಮಗೆ ತೋರುತ್ತದೆ. ಕೊನೆಗೆ ಬಂದ ರೈಲಿಗೆ ಮೂರರಲ್ಲಿ ಎರಡು ಪಾಲಿನಷ್ಟು ವೆಚ್ಚವನ್ನು ತೆತ್ತುದು ಸಿಡ್ಕೋ, ಉಳಿದುದು ರೈಲ್ವೆಯದು. ನೆಲದ ಹಣದಿಂದ ಹಳಿಯನ್ನು ಹಾಕಿದ ಈ ವ್ಯವಸ್ಥೆ ಗಮನಾರ್ಹವಾದುದು. ವಾಶಿ, ಬೇಲಾಪುರಗಳಲ್ಲಿ ನಿಲ್ದಾಣದ ಮೇಲೆಯೇ ಕಚೇರಿಗಳ ಮಾಳಿಗೆಗಳೆದ್ದವು. ಸೀವುಡ್ಸ್‌ನಲ್ಲಿ ನಿಲ್ದಾಣವನ್ನು ಒಡಲಲ್ಲಿಟ್ಟುಕೊಂಡ ಮಹಾಮಳಿಗೆಯೊಂದು 2017ರಲ್ಲಿ ತೆರೆಯಿತು. ವಿಶಾಲವಾದ ಈ ನಿಲ್ದಾಣಗಳಲ್ಲಿ ನಿಂತವರಿಗೆ ದಾದರದ ಸೇತುವೆಯ ಉಸಿರುಗಟ್ಟುವಿಕೆ ನೆನಪಾಗದಿರದು. 2011ರ ಜನಗಣತಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ಜನಸಂಖ್ಯೆ 11 ಲಕ್ಷವನ್ನು ದಾಟಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಹೊಲದ ಬೆಲೆಗೆ ಪಡೆದ ನೆಲವೆಂದೆವು; ಆ ಹೊಲ ಯಾರದು? 95 ಹಳ್ಳಿಗಳ ಆಗರಿ, ಕೋಳಿ ಮೊದಲಾದ ಜನರು ತಲೆಮಾರುಗಳಿಂದ ಭತ್ತ ಬೆಳೆದು, ಉಪ್ಪು ತೆಗೆದು, ಮೀನು ಹಿಡಿದು ಬದುಕಿದ ನೆಲ ಅದು. ಬೆಲೆ ಏರುವುದಕ್ಕೆ ಮುನ್ನ ಅವರಿಂದ ಕೊಂಡುದರಿಂದಲೇ ಆ ಏರಿಕೆ ನಿಗಮದ ಕೈಸೇರಿತು. ಎಂದರೆ ಜಾಣತನದ ಆ ಲೆಕ್ಕದಲ್ಲಿ ಕಳೆಯುವ ಬದಿಗೆ ಬರೆಯಲ್ಪಟ್ಟವರು ಅವರೇ. ದಾದರ, ಮಾಟುಂಗಾಗಳ ಗದ್ದೆಯ ರೈತರು ಏನಾದರೆಂದು ನಮ್ಮ ಹಿರಿಯರಲ್ಲಿ ಕೇಳಿದವರು ವಿರಳ. ನಾವೂ ಆ ಬೋರ್ಡಿಂಗಿನ ಊಟವನ್ನು ಉಂಡು ಸುಮ್ಮನೆ ಎದ್ದು ಬಂದವರೇ. ಕೊಲ್ಲಿಯ ಆಚೆಯ ಜನ ಮಾತ್ರ ಸುಮ್ಮನಿರಲಿಲ್ಲ. ದಿ. ಬಾ. ಪಾಟೀಲರ ನೇತೃತ್ವದಲ್ಲಿ ಅವರು ಹೋರಾಟಕ್ಕೆ ಇಳಿದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ ಪೋಲೀಸರ ಗುಂಡಿಗೆ ಐವರು ಬಲಿಯಾದರು.

ಈ ಬಲಿದಾನದ ಫಲವಾಗಿ ಒಂದು ಹೊಸ ತತ್ತ್ವ ಅಂಗೀಕೃತವಾಯಿತು: ನೆಲವನ್ನು ಬಿಟ್ಟುಕೊಟ್ಟ ಕುಟುಂಬಕ್ಕೆ ಹಣವಷ್ಟೇ ಸಾಲದು, ಬಿಟ್ಟುಕೊಟ್ಟ ನೆಲದ ನೂರಕ್ಕೆ ಹನ್ನೆರಡೂವರೆ ಪಾಲನ್ನು ಸುಧಾರಿಸಿದ ನಿವೇಶನದ ರೂಪದಲ್ಲಿ ಮರಳಿ ಕೊಡತಕ್ಕದ್ದು. ಏರುವ ಬೆಲೆಯಲ್ಲಿ ಮೂಲದ ಒಡೆಯನಿಗೂ ಒಂದಂಶವುಂಟೆಂಬ ಮಾತನ್ನು ಸರಕಾರವು ಹೀಗೆ ಒಪ್ಪಿತು. ನಿವೇಶನಗಳು ಕೈಸೇರುವುದಕ್ಕೆ ಅನೇಕ ಕುಟುಂಬಗಳು ವರ್ಷಾನುವರ್ಷ ಕಾಯಬೇಕಾಯಿತು. ಮನೆ ಕಟ್ಟುವ ಶಕ್ತಿಯಿಲ್ಲದವರು ಅವನ್ನು ಬಿಲ್ಡರುಗಳಿಗೆ ಮಾರಿದರು. ಹಳೆಯ ಹಳ್ಳಿಗಳು ಹೊಸನಗರದ ಎತ್ತರದ ಕಟ್ಟಡಗಳ ನಡುವೆ ನಡುಗಡ್ಡೆಗಳಂತೆ ಇಂದಿಗೂ ಉಳಿದಿವೆ. ಅಲ್ಲಿಯ ಇಕ್ಕಟ್ಟಾದ ಓಣಿಗಳಲ್ಲಿ ಅಗ್ಗದ ಖೋಲಿಗಳನ್ನು ಅರಸಿ ಬರುವ ಹೊರಗಿನವರಲ್ಲಿ ನಮ್ಮ ಸೀಮೆಯ ಹುಡುಗರೂ ಇದ್ದಾರೆ.

ಬೇಲಾಪುರದಿಂದ ಹೊರಟ ಇನ್ನೊಂದು ಮಾರ್ಗ 2018ರ ನವೆಂಬರಿನಲ್ಲಿ ಖಾರಕೋಪರವನ್ನು ಮುಟ್ಟಿತು. ಅಲ್ಲಿಂದ ಮುಂದೆ ಉರಣಕ್ಕೆ, ಗುಂಡೇಟು ಬಿದ್ದ ಆ ತಾಲೂಕಿನ ನೆಲದ ಮೇಲೆಯೇ ಹಾದು, ಮೊದಲ ಲೋಕಲ್ ಗಾಡಿ ಓಡಿದುದು 2024ರ ಜನವರಿ 12ರಂದು. ಆ ಐವರು ಬಿದ್ದು ನಾಲ್ವತ್ತು ವರ್ಷ ತುಂಬುವುದಕ್ಕೆ ಆಗ ನಾಲ್ಕು ದಿನ ಉಳಿದಿದ್ದವು.